ತುಂಡು ಡಾಲರಿನ ಕಡಿದ ಮೈಯನ್ನು ಮೊದಲು ನೋಡಿ

ಕುಂದಾಪುರದ ಕಡೆಯವರಾದ ನಿವೃತ್ತ ಹಡಗು ಎಂಜಿನಿಯರ್ ಒಬ್ಬರು ಕಳೆದ ಮಳೆಗಾಲದಲ್ಲಿ ನನ್ನ ಮೇಜಿನ ಮೇಲೆ ಬಟ್ಟೆಯ ಗಂಟು ಬಿಚ್ಚಿ, ಹೋಳಿಗೆಯನ್ನು ನಾಲ್ಕು ಪಾಲು ಮಾಡಿದಾಗ ಸಿಗುವ ಆಕಾರದ ಬೆಳ್ಳಿಯ ತುಂಡೊಂದನ್ನು ಇಟ್ಟರು. ಅದರ ನಡುವೆ ಆಯತಾಕಾರದ ತಗ್ಗಿನೊಳಗೆ ‘ಟಾರ್ಟೋಲಾ’ ಎಂಬ ಕೆರಿಬಿಯನ್ ದ್ವೀಪವೊಂದರ ಹೆಸರು ರೋಮನ್ ಅಕ್ಷರಗಳಲ್ಲಿ ಎದ್ದು ಕಾಣುತ್ತಿತ್ತು. “ಬೆಳ್ಳಿ ಅಸಲಿ ಅಂತ ಅಂಗಡಿಯವರೇ ಹೇಳಿದ್ದಾರೆ ಸರ್, ನೀವು ಒಂದು ಪತ್ರ ಬರೆದುಕೊಟ್ಟರೆ ಸಾಕು” ಎಂದರು. ಇಂಥ ನಾಣ್ಯಗಳ ವಿಷಯದಲ್ಲಿ ಬೆಳ್ಳಿಯ ಅಸಲಿತನ ಪರೀಕ್ಷೆಯ ಆರಂಭವಷ್ಟೇ ಎಂಬುದನ್ನು ಅವರಿಗೆ ವಿವರಿಸಲು ಅರ್ಧ ದಿನ ಬೇಕಾಯಿತು.

ಹದಿನೆಂಟನೆಯ ಶತಮಾನದ ಕೆರಿಬಿಯನ್ ದ್ವೀಪಗಳಲ್ಲಿ ಚಿಲ್ಲರೆಯ ಅಭಾವ ತೀವ್ರವಾಗಿತ್ತು. ಕೈಗೆ ಸಿಗುತ್ತಿದ್ದದ್ದು ಮೆಕ್ಸಿಕೊ, ಲಿಮಾ, ಪೊಟೊಸಿಯ ಟಂಕಸಾಲೆಗಳಿಂದ ಬರುತ್ತಿದ್ದ ಸುಮಾರು 27 ಗ್ರಾಂ ತೂಕದ ಸ್ಪ್ಯಾನಿಷ್ ಡಾಲರ್, ಅಂದರೆ ಎಂಟು ರಿಯಾಲಿನ ನಾಣ್ಯ. ಅದನ್ನೇ ಉಳಿಯಿಂದ ಅರ್ಧ, ಕಾಲು, ಎಂಟನೆಯ ಒಂದು ಪಾಲಾಗಿ ಕಡಿದು ಬಳಸಿದರು. ಒಂದು ಡಾಲರಿನಿಂದ ಐದು ‘ಕಾಲು’ ಕಡಿಯುವ ಜಾಣರೂ ಇದ್ದುದರಿಂದ, ಎಷ್ಟೋ ದ್ವೀಪಗಳ ಆಡಳಿತಗಳು ತುಂಡುಗಳ ಮೇಲೆ ತಮ್ಮದೊಂದು ಮೇಲ್ಮುದ್ರೆಯನ್ನು ಒತ್ತಿಸತೊಡಗಿದವು. ಟಾರ್ಟೋಲಾದ ಮುದ್ರೆ 1801ರದ್ದು. ಕುರಸಾವೊದಲ್ಲಿ 1818ರಲ್ಲಿ ಸರಕಾರವೇ ಡಾಲರನ್ನು ಐದು ಪಾಲು ಮಾಡಿ ‘3’ ಎಂಬ ಅಂಕೆಯನ್ನು ಒತ್ತಿತು. ನಮ್ಮ ಚಿನಿವಾರರು ರೂಪಾಯಿಯ ಮೇಲೆ ಹಾಕುತ್ತಿದ್ದ ಪರೀಕ್ಷೆಯ ಗುರುತು ಖಾಸಗಿಯದು, ಇದು ಅಧಿಕೃತವಾದದ್ದು.

ಹೀಗಾಗಿ ಮುದ್ರೆಯಿರುವ ಪ್ರತಿ ತುಂಡೂ ಮೂರು ಬಾರಿ ಏಟು ತಿಂದಿರುತ್ತದೆ: ಟಂಕಸಾಲೆಯ ಅಚ್ಚಿನದು, ಉಳಿಯದು, ಮೇಲ್ಮುದ್ರೆಯದು. ಈ ಮೂರರ ಅನುಕ್ರಮವೂ ಅವುಗಳ ನಡುವಿನ ಸವೆತವೂ ಒಂದಕ್ಕೊಂದು ಹೊಂದುತ್ತವೆಯೇ ಎಂಬುದೇ ನಾನು ಕೇಳಿಕೊಳ್ಳುವ ಪ್ರಶ್ನೆ. ಬಹುತೇಕ ಸಂಗ್ರಾಹಕರು ಮೊದಲು ಅಕ್ಷರಗಳನ್ನು ನೋಡುತ್ತಾರೆ. ನಕಲು ಮಾಡುವವನು ಅತಿ ಹೆಚ್ಚು ಶ್ರಮ ಹಾಕುವುದೂ ಅಲ್ಲಿಯೇ ಆದ್ದರಿಂದ ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಕಡಿದ ಮೈಯನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಿದರೆ, ಉಳಿ ಇಳಿದ ಭಾಗ ಇಳಿಜಾರಾಗಿ ನುಣುಪಾಗಿಯೂ, ಅದರ ಕೆಳಗೆ ಲೋಹ ಹರಿದು ಬೇರ್ಪಟ್ಟ ಭಾಗ ಒರಟಾಗಿಯೂ ಇರುತ್ತದೆ. ಸಮಾನಾಂತರವಾದ ಸಣ್ಣ ಗೆರೆಗಳು ಸಾಲಾಗಿ ಕಂಡರೆ ಅದು ಗರಗಸದ ಕೆಲಸ. ಸೂಜಿಮೊನೆಯಂಥ ರಂಧ್ರಗಳು ಕಂಡರೆ ತುಂಡು ಕಡಿದದ್ದಲ್ಲ, ಎರಕ ಹೊಯ್ದದ್ದು ಎಂದು ಶಂಕಿಸಬೇಕು. ಇನ್ನೊಂದು ಸೂಕ್ಷ್ಮವಿದೆ. ಆ ಕಾಲದಲ್ಲಿಯೇ ತಾಮ್ರದ ಮೇಲೆ ಬೆಳ್ಳಿ ಲೇಪಿಸಿದ ಖೋಟಾ ಡಾಲರುಗಳಿದ್ದವು. ಅಂಥದನ್ನು ಕಡಿದರೆ ಒಳಗಿನ ಕೆಂಪು ಬಯಲಾಗುತ್ತದೆ. ಆದರೆ ಲೇಪವು ಕಡಿದ ಮೈಯನ್ನೂ ಆವರಿಸಿದ್ದರೆ, ಲೇಪನ ನಡೆದದ್ದು ತುಂಡಿನ ಆಕಾರ ಬಂದ ಮೇಲೆ ಎಂದಾಗುತ್ತದೆ, ಆಗ ಮೋಸದ ಬಗ್ಗೆ ಸಂದೇಹವೇ ಉಳಿಯುವುದಿಲ್ಲ. ಕೈಯಿಂದ ಕಡಿದ ಎರಡು ತುಂಡುಗಳು ಎಂದೂ ಒಂದೇ ತೆರನಾಗಿ ಇರಲಾರವು. ಅಂಚಿನ ಪ್ರತಿ ಅಂಕುಡೊಂಕೂ ತದ್ರೂಪವಾಗಿರುವ ಜೋಡಿ ಎಲ್ಲಿಯಾದರೂ ಕಂಡರೆ, ಅವುಗಳಲ್ಲಿ ಒಂದಾದರೂ, ಬಹುಶಃ ಎರಡೂ, ಎರಕದವು.

ತೂಕದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕಾಲು ಡಾಲರ್ ಸುಮಾರು 6.7 ಗ್ರಾಂ ಇರಬೇಕು ನಿಜ. ಆದರೆ ಕಡಿಯುವವರ ಜಾಣತನ ಮತ್ತು ಸವೆತದ ಕಾರಣ ಅದಕ್ಕಿಂತ ಕಡಿಮೆ ತೂಗುವ ಅಸಲಿ ತುಂಡುಗಳು ಬೇಕಾದಷ್ಟಿವೆ. ಗಾಳಿಯಲ್ಲಿಯೂ ನೀರಿನಲ್ಲಿಯೂ ತೂಗಿ ಸಾಂದ್ರತೆ ಕಂಡುಹಿಡಿಯುವುದು ಹೆಚ್ಚು ಉಪಯುಕ್ತ. ಶೇಕಡಾ 90ರಷ್ಟು ಬೆಳ್ಳಿಯಿರುವ ಈ ನಾಣ್ಯಗಳಲ್ಲಿ ಅದು ಘನ ಸೆಂಟಿಮೀಟರಿಗೆ 10.3 ಗ್ರಾಮಿನ ಆಸುಪಾಸಿನಲ್ಲಿರುತ್ತದೆ. ಆಭರಣದ ಅಂಗಡಿಗಳಲ್ಲಿ ಕ್ಯಾರೆಟ್ ಮೀಟರ್ ಎಂದು ಕರೆಯುವ ಎಕ್ಸ್‌-ರೇ ಯಂತ್ರವು ಹಳೆಯ ಬೆಳ್ಳಿಯಲ್ಲಿ ಸಾಮಾನ್ಯವಾಗಿ ಉಳಿದಿರುವ ಚಿನ್ನದ ಲವಲೇಶವನ್ನೂ ತೋರಿಸಬಲ್ಲದು. ಇಂದಿನ ಶುದ್ಧೀಕರಿಸಿದ ಬೆಳ್ಳಿಯಲ್ಲಿ ಅದು ಇರುವುದಿಲ್ಲ.

ಆದರೆ ಅತ್ಯಂತ ಅಪಾಯಕಾರಿ ನಕಲಿಯ ಮುಂದೆ ಈ ಯಾವ ಯಂತ್ರವೂ ನಡೆಯುವುದಿಲ್ಲ. ಮುದ್ರೆಯಿಲ್ಲದ ಹಳೆಯ ತುಂಡುಗಳು ಅಗ್ಗವಾಗಿ ಸಿಗುತ್ತವೆ, ಮುದ್ರೆಯಿರುವವು ದುಬಾರಿ. ಆದ್ದರಿಂದ ಅಸಲಿ ತುಂಡಿನ ಮೇಲೆ ಹೊಸ ಮುದ್ರೆ ಒತ್ತುವವರಿಗೆ ಲಾಭವಿದೆ. ಅಲ್ಲಿ ಲೋಹ ಸರಿ, ತೂಕ ಸರಿ, ಕಡಿತವೂ ಸರಿ. ಕೆಲವೊಮ್ಮೆ ಮೂಲ ನಾಣ್ಯದ ಕಾಲವೇ ಗುಟ್ಟು ಬಿಟ್ಟುಕೊಡುತ್ತದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 1813ರ ಇಸವಿ ಹೊತ್ತ, ನಡುವೆ ತೂತು ಕೊರೆದ ‘ತೂತು ಡಾಲರು’ಗಳಿಗೆ ಬಳಸಿದ 40,000 ನಾಣ್ಯಗಳು ನಮ್ಮ ಮದ್ರಾಸಿನಿಂದಲೇ ಹೋಗಿ 1812ರ ನವೆಂಬರಿನಲ್ಲಿ ಸಿಡ್ನಿ ಸೇರಿದ್ದವು. ಅದಕ್ಕಿಂತ ಈಚಿನ ಇಸವಿ ಮೂಲ ನಾಣ್ಯದಲ್ಲಿದ್ದರೆ ಮಾತು ಮುಗಿಯಿತು. ಕಾಲು ತುಂಡಿನಲ್ಲಿ ಇಸವಿ ಉಳಿದಿರುವುದು ಅಪರೂಪ, ಆದರೆ ಟಂಕಸಾಲೆಯ ಪರೀಕ್ಷಕರ ಹೆಸರಿನ ಮೊದಲಕ್ಷರಗಳು ಉಳಿದಿರಬಹುದು. ಮೆಕ್ಸಿಕೊದ ನಾಣ್ಯದಲ್ಲಿ ‘ಟಿ ಎಚ್’ ಕಂಡರೆ ಅದು 1803ಕ್ಕೂ ಹಿಂದಿನದಲ್ಲ, ಅದರ ಮೇಲಿನ ಮುದ್ರೆಯೂ ಅಲ್ಲ.

ಎಂಜಿನಿಯರ್ ತಂದ ತುಂಡಿನಲ್ಲಿ ಇಸವಿಯೂ ಇರಲಿಲ್ಲ, ಆ ಅಕ್ಷರಗಳೂ ಇರಲಿಲ್ಲ. ಮುದ್ರೆಯ ತಗ್ಗಿನ ಒಳಗೂ ಹೊರಗೂ ಕಪ್ಪು ಒಂದೇ ತೆರನಾಗಿದೆಯೇ ಎಂದು ನೋಡೋಣವೆಂದರೆ, ಅವರ ಮನೆಯಲ್ಲಿ ಅದನ್ನು ದೇವರ ಪಾತ್ರೆಗಳ ಜೊತೆಗೆ ವಿಭೂತಿ ಹಚ್ಚಿ ಫಳಫಳ ಹೊಳೆಯುವಂತೆ ತಿಕ್ಕಿಬಿಟ್ಟಿದ್ದರು. ಹಳೆಯ ನಾಣ್ಯವನ್ನು ತೊಳೆಯಬೇಡಿ ಎಂದು ಎಷ್ಟು ಸಲ ಹೇಳಿದರೂ ಸಾಲದು.

ಕೊನೆಗೆ ಉಳಿದದ್ದು ಲೋಹ ಸರಿದ ರೀತಿಯೊಂದೇ. ಮುದ್ರೆ ಒತ್ತಿದಾಗ ಅದರ ಸುತ್ತ ಲೋಹ ಉಬ್ಬಿ ಸಣ್ಣ ದಿಂಡು ಏಳುತ್ತದೆ, ಹಿಂಬದಿಯಲ್ಲಿ ಅಡಿಗಲ್ಲಿಗೆ ತಾಗಿದ ಜಾಗ ಚಪ್ಪಟೆಯಾಗುತ್ತದೆ. ನಿಜವಾಗಿ ಕೈಯಿಂದ ಕೈಗೆ ಓಡಾಡಿದ ತುಂಡಿನಲ್ಲಿ ಈ ದಿಂಡು ಸವೆದು ಹೋಗಿರುತ್ತದೆ, ಕೆಲವು ಆಳವಾದ ಗೀರುಗಳು ಅದನ್ನು ಕಡಿದುಕೊಂಡು ದಾಟಿರುತ್ತವೆ. ಗೀರು ತಗ್ಗಿನೊಳಗೆ ಇಳಿಯದೆ ಹಾರಿಹೋಗುವುದು ಸಹಜವಾದ್ದರಿಂದ ತಗ್ಗಿನ ಒಳಗಲ್ಲ, ದಿಂಡಿನ ಮೇಲೆಯೇ ಹುಡುಕಬೇಕು. ದಿಂಡೇ ಗೀರನ್ನು ತಳ್ಳಿ ಮುಚ್ಚಿದ್ದರೆ ಗೀರು ಮೊದಲಿನದು, ಮುದ್ರೆ ಆಮೇಲಿನದು. ಈ ತುಂಡಿನ ಕಡಿದ ಅಂಚುಗಳು ಬೆರಳಿಗೆ ಮೃದುವಾಗಿ ತಾಕುವಷ್ಟು ಸವೆದಿದ್ದವು. ಮುದ್ರೆಯ ದಿಂಡು ಮಾತ್ರ ಉಗುರಿಗೆ ಸಿಕ್ಕುವಷ್ಟು ಚೂಪಾಗಿತ್ತು, ಒಂದು ಆಳದ ಗೀರೂ ಅದನ್ನು ದಾಟಿರಲಿಲ್ಲ.

ಅಕ್ಷರಗಳನ್ನು ಹೋಲಿಸಿದ್ದು ಆಮೇಲೆ. ಹಳೆಯ ಸಂಗ್ರಹಗಳಿಂದ ಬಂದ ನಂಬಲರ್ಹ ತುಂಡುಗಳ ಚಿತ್ರಗಳನ್ನು ಅದೇ ಅಳತೆಗೆ ಹಿಗ್ಗಿಸಿ ಮೇಲಿಟ್ಟಾಗ ಅಕ್ಷರಗಳ ಅಂತರ ಹೊಂದಲಿಲ್ಲ. ಹೊಂದದಿರುವುದೊಂದೇ ಸಾಕ್ಷಿಯಾಗದು, ಏಕೆಂದರೆ ‘ಟಿರ್ಟಿಲಾ’ ಎಂದು ತಪ್ಪು ಅಕ್ಷರಗಳಿರುವ ಮುದ್ರೆಗಳೂ ಇವೆ. ಅವನ್ನು ಆ ಕಾಲದ ಅನುಕರಣೆಗಳೆಂದು ಸಂಗ್ರಾಹಕರು ಪ್ರತ್ಯೇಕವಾಗಿಯೇ ಕೂಡಿಡುತ್ತಾರೆ. ಇಲ್ಲಿ ಸವೆತವೂ ಅಕ್ಷರವೂ ಒಂದೇ ಕಡೆಗೆ ಬೆರಳು ತೋರಿಸಿದವು. ನಾಣ್ಯ ಅಸಲಿ, ಕಡಿತ ಹಳೆಯದು, ಮುದ್ರೆ ಇತ್ತೀಚಿನದು ಎಂದು ಮೂರೂ ಅಂಶಗಳನ್ನು ಬೇರೆ ಬೇರೆಯಾಗಿ ಬರೆದು ಸಹಿ ಹಾಕಿಕೊಟ್ಟೆ. ಅವರು ಮೊದಲ ಸಾಲನ್ನು ಎರಡು ಸಲ ಓದಿ, ಪತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡರು.