ರಾಜೀನಾಮೆಯೋ, ಸ್ವಯಂ ನಿವೃತ್ತಿಯೋ?

"ಕೆಲಸ ಬಿಟ್ಟೆ" ಅಂತ ಮನೆಯಲ್ಲಿ ಹೇಳಿದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ. ಕಚೇರಿಗೆ ಕೊಡುವ ಪತ್ರಕ್ಕೆ ಅಷ್ಟು ಸಾಲದು. ರಾಜೀನಾಮೆ, ಸ್ವಯಂ ನಿವೃತ್ತಿ, ಹೇಳದೆ ಕೇಳದೆ ಗೈರಾಗುವುದು, ಕಂಪನಿಯೇ ತೆಗೆದುಹಾಕುವುದು, ಎಲ್ಲದರಲ್ಲೂ ಕೆಲಸ ಹೋಗುತ್ತದೆ ನಿಜ. ಆದರೆ ಕೈಗೆ ಬರುವ ದುಡ್ಡು ಮತ್ತು ಉಳಿಯುವ ಹಕ್ಕು ಬೇರೆ ಬೇರೆ. ಕಾರ್ಮಿಕ ಕಾನೂನಿನ ವಕೀಲಳಾದ ನನ್ನ ಹತ್ತಿರ ಬರುವವರಲ್ಲಿ ಬಹಳ ಜನ ಪತ್ರ ಕೊಟ್ಟ ಮೇಲೆ ಬರುತ್ತಾರೆ. ಮೊದಲೇ ಬಂದಿದ್ದರೆ ಅನ್ನಿಸುತ್ತದೆ.

ದೊಡ್ಡ ಪೆಟ್ಟು ಬೀಳುವುದು ಹಳೇ ಪಿಂಚಣಿ ವ್ಯವಸ್ಥೆಯ ನೌಕರರಿಗೆ. ಕೇಂದ್ರ ಸರ್ಕಾರದ ಪಿಂಚಣಿ ನಿಯಮದಂತೆ 20 ವರ್ಷ ಸೇವೆ ಮುಗಿಸಿದವರು ನೋಟಿಸ್ ಕೊಟ್ಟು ಸ್ವಯಂ ನಿವೃತ್ತಿ ಪಡೆಯಬಹುದು. ಅವರಿಗೆ ಪಿಂಚಣಿ ಬರುತ್ತದೆ. ಅದೇ ನೌಕರ ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ಲೆಕ್ಕದಿಂದ ಹೋಗುತ್ತದೆ, ಪಿಂಚಣಿಯೂ ಹೋಗುತ್ತದೆ. ದೆಹಲಿಯ ವಿದ್ಯುತ್ ಕಂಪನಿಯೊಂದರ ಪ್ರಕರಣದಲ್ಲಿ, 1990ರಲ್ಲಿ ರಾಜೀನಾಮೆ ಕೊಟ್ಟಿದ್ದ ನೌಕರರೊಬ್ಬರು ಅದನ್ನು ಸ್ವಯಂ ನಿವೃತ್ತಿ ಎಂದೇ ಪರಿಗಣಿಸಿ ಅಂತ ಕೇಳಿದ್ದರು. 2019ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 20 ವರ್ಷ ತುಂಬಿತ್ತೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ, ರಾಜೀನಾಮೆ ಕೊಟ್ಟರೆ ಸೇವೆ ಹೋಯಿತು ಎಂದಿತು. ಇಡೀ ಜೀವನದ ದುಡಿಮೆ ಪತ್ರದಲ್ಲಿ ಬರೆದ ಒಂದು ಪದದ ಮೇಲೆ ನಿಂತಿರುತ್ತದೆ ಅಂತ ಯಾರಾದರೂ ಮೊದಲೇ ಹೇಳಬೇಕಲ್ವಾ?

ಒಂದು ಸರ್ಕಾರಿ ಕೆಲಸದಿಂದ ಇನ್ನೊಂದಕ್ಕೆ ಹೋಗುವವರಿಗೆ ಮಾತ್ರ ರಿಯಾಯಿತಿ ಇದೆ. ಸರಿಯಾದ ಅನುಮತಿ ಪಡೆದು ಅರ್ಜಿ ಹಾಕಿ, ಆ ಹುದ್ದೆಗಾಗಿಯೇ ಬಿಡುತ್ತಿದ್ದೇನೆ ಎಂದು ಪತ್ರದಲ್ಲಿ ಬರೆದಿದ್ದರೆ ಅದು 'ತಾಂತ್ರಿಕ ರಾಜೀನಾಮೆ'. ಹಳೇ ಸೇವೆ ಉಳಿಯುತ್ತದೆ. "ವೈಯಕ್ತಿಕ ಕಾರಣ" ಅಂತ ಸುಮ್ನೆ ಬರೆದುಬಿಟ್ಟರೆ ಆಮೇಲೆ ತುಂಬಾ ಓಡಾಡಬೇಕಾಗುತ್ತದೆ.

ಕೊಟ್ಟ ರಾಜೀನಾಮೆಯನ್ನು ವಾಪಸ್ ಪಡೆಯಬಹುದಾ? ಜಾಸ್ತಿ ಜನ ಕೇಳುವ ಪ್ರಶ್ನೆ ಇದೇ. ಅಂಗೀಕಾರವಾಗಿ ಜಾರಿಗೆ ಬರುವ ಮೊದಲು ಸಾಮಾನ್ಯವಾಗಿ ಪಡೆಯಬಹುದು. ಒಪ್ಪಂದದಲ್ಲಿ ಬೇರೆ ಷರತ್ತು ಇದೆಯಾ ಅಂತ ಮಾತ್ರ ನೋಡಿಕೊಳ್ಳಿ. ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು 1977ರ ಮೇ 7ರಂದು, ಆಗಸ್ಟ್ 1ರಿಂದ ಜಾರಿಗೆ ಬರುವಂತೆ ರಾಜೀನಾಮೆ ಬರೆದಿದ್ದರು. ಜುಲೈ 15ರಂದು ವಾಪಸ್ ಪಡೆದರು. ಅದು ಸರಿ ಎಂದು 1978ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಕೊಂಕಣ ರೈಲ್ವೆಯ ನೌಕರರೊಬ್ಬರ ಪ್ರಕರಣ ನಮಗೆ ಇನ್ನೂ ಹತ್ತಿರದ್ದು, ಕರ್ನಾಟಕ ಹೈಕೋರ್ಟಿನಿಂದಲೇ ಮೇಲಕ್ಕೆ ಹೋದದ್ದು. ಅವರು 2013ರ ಡಿಸೆಂಬರಿನಲ್ಲಿ ರಾಜೀನಾಮೆ ಕೊಟ್ಟು, 2014ರ ಮೇ ತಿಂಗಳಲ್ಲಿ ವಾಪಸ್ ಕೇಳಿದರು. ಏಪ್ರಿಲ್‌ನಲ್ಲೇ ಅಂಗೀಕಾರವಾಗಿದೆ ಎಂದಿತು ನಿಗಮ. ಆದರೆ ಅಂಗೀಕಾರದ ಪತ್ರ ನೌಕರನಿಗೆ ತಲುಪಿದ್ದೇ ಕಾಣಲಿಲ್ಲ. ಕಚೇರಿಯೊಳಗೇ ಓಡಾಡಿದ ಕಾಗದವನ್ನು ಅಂಗೀಕಾರ ಎನ್ನಲಾಗದು ಎಂದ ಸುಪ್ರೀಂ ಕೋರ್ಟ್, 2024ರಲ್ಲಿ ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ಆದೇಶಿಸಿತು. ಹಾಗಾಗಿ ಮನಸ್ಸು ಬದಲಾದರೆ ಒಂದು ದಿನವೂ ಕಾಯಬೇಡಿ. ಬಾಯಿಮಾತಲ್ಲಿ ಹೇಳಬೇಡಿ, ಬರೆದು ಕೊಡಿ, ಸ್ವೀಕೃತಿ ಪಡೆಯಿರಿ.

ಖಾಸಗಿ ಕೆಲಸದವರಿಗೆ ಒಂದು ಸಮಾಧಾನ: ರಾಜೀನಾಮೆ ಕೊಟ್ಟರೂ ಗ್ರಾಚ್ಯುಟಿ, ಅಂದರೆ ಸೇವೆಯ ವರ್ಷಗಳ ಲೆಕ್ಕದಲ್ಲಿ ಕೆಲಸ ಬಿಡುವಾಗ ಕಂಪನಿ ಕೊಡುವ ಮೊತ್ತ, ಹೋಗುವುದಿಲ್ಲ. ಸಾಮಾನ್ಯವಾಗಿ ಐದು ವರ್ಷ ಸತತ ಸೇವೆ ಇರಬೇಕು, ಅಷ್ಟೇ. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 40,000 ರೂಪಾಯಿ, ಸೇವೆ 7 ವರ್ಷ 8 ತಿಂಗಳು ಅಂದುಕೊಳ್ಳಿ. ಆರು ತಿಂಗಳು ಮೀರಿದ್ದರಿಂದ 8 ವರ್ಷ ಎಂದೇ ಲೆಕ್ಕ. ತಿಂಗಳಿಗೆ 26 ದಿನದ ಲೆಕ್ಕದಲ್ಲಿ, ಪ್ರತಿ ವರ್ಷದ ಸೇವೆಗೆ 15 ದಿನದ ವೇತನ: 40,000ವನ್ನು 26ರಿಂದ ಭಾಗಿಸಿ, 15ರಿಂದ, ಮತ್ತೆ 8ರಿಂದ ಗುಣಿಸಿದರೆ ಸುಮಾರು 1,84,615 ರೂಪಾಯಿ. 30 ದಿನಗಳೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸಹಿತ.

ನನಗೆ ನಿಜವಾಗಿ ಸಿಟ್ಟು ಬರುವುದು ಬಲವಂತದ ರಾಜೀನಾಮೆ ಕಂಡಾಗ. ಎಚ್‌ಆರ್ ಕೋಣೆಗೆ ಕರೆದು, "ನೀವೇ ರಾಜೀನಾಮೆ ಕೊಟ್ಟುಬಿಡಿ, ರಿಲೀವಿಂಗ್ ಲೆಟರ್ ಚೆನ್ನಾಗಿ ಕೊಡ್ತೀವಿ" ಅನ್ನುತ್ತಾರೆ. ಇದರ ಹಿಂದೆ ಲೆಕ್ಕಾಚಾರ ಇದೆ. ಒಂದು ವರ್ಷ ಸೇವೆ ಮಾಡಿದ ಕೆಲಸಗಾರರನ್ನು ಕಂಪನಿಯೇ ತೆಗೆದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡಬೇಕು, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಪರಿಹಾರ. ನೀವೇ ಬಿಟ್ಟಿರಿ ಅಂದರೆ ಇದ್ಯಾವುದೂ ಇಲ್ಲ. ಮ್ಯಾನೇಜರ್‌ಗಳಿಗೆ ಈ ಕಾನೂನಿನ ರಕ್ಷಣೆ ಸಿಗುವುದಿಲ್ಲ, ಅವರು ನೇಮಕಾತಿ ಪತ್ರದ ಷರತ್ತನ್ನೇ ಹಿಡಿಯಬೇಕು.

ಅಂಥ ಹೊತ್ತಲ್ಲಿ ಅಲ್ಲೇ ಸಹಿ ಹಾಕಬೇಡಿ. "ಯೋಚಿಸಿ ಹೇಳುತ್ತೇನೆ, ಕಾರಣ ಬರೆದು ಕೊಡಿ" ಅನ್ನಿ. ಹೆದರಿ ಹಾಕಿಬಿಟ್ಟಿದ್ದರೆ ಅದೇ ದಿನ ಮೇಲ್ ಮಾಡಿ: ಯಾವ ಹೊತ್ತಿಗೆ ಕರೆದರು, ಯಾರಿದ್ದರು, ಏನಂದರು, ಈ ರಾಜೀನಾಮೆ ನನ್ನ ಇಚ್ಛೆಯದ್ದಲ್ಲ, ವಾಪಸ್ ಪಡೆಯುತ್ತಿದ್ದೇನೆ. ವಾರಗಟ್ಟಲೆ ಸುಮ್ಮನಿದ್ದು, ಕೊಟ್ಟ ದುಡ್ಡು ತಗೊಂಡು, ಆಮೇಲೆ ಬಲವಂತ ಅಂದರೆ ನಂಬಿಸುವುದು ಕಷ್ಟ. ಕಚೇರಿಯ ಮೇಲ್ ಅಂದೇ ಸಂಜೆ ಬಂದ್ ಆಗಬಹುದು. ನಿಮ್ಮ ಸ್ವಂತ ಮೇಲ್‌ನಿಂದಲೇ ಕಳಿಸಿ.