ಅವ್ವನ ಕ್ಯಾನ್ಸರ್, ಕಾಕಾನ ವಿಡಿಯೋ: ಯಾವುದನ್ನ ನಂಬೋದು?

ಪ್ರಶ್ನೆ: ನಮ್ಮದು ಹಾವೇರಿ ಹತ್ತಿರದ ಹಳ್ಳಿ. ಅವ್ವನ ಎದೆಯಲ್ಲಿ ಗಡ್ಡೆ ಇತ್ತು. ಹುಬ್ಬಳ್ಳಿಯಲ್ಲಿ ತೋರಿಸಿದಾಗ ಸ್ತನ ಕ್ಯಾನ್ಸರ್ ಅಂದರು. ಮುಂದಿನ ವಾರ ಕಿಮೋ ಶುರು. ಇತ್ತ ನಮ್ಮ ಕಾಕಾ ದಿನಾ ವಾಟ್ಸಾಪ್‌ನಲ್ಲಿ ವಿಡಿಯೋ ಕಳಿಸುತ್ತಾರೆ. ಒಂದರಲ್ಲಿ ಲಕ್ಷ್ಮಣ ಫಲದ ಎಲೆ ಕಷಾಯ ಸಾಕು ಅಂತಾರೆ, ಇನ್ನೊಂದರಲ್ಲಿ ಸಕ್ಕರೆ ಬಿಟ್ಟರೆ ಗಡ್ಡೆ ತಾನೇ ಸಾಯುತ್ತೆ ಅಂತಾರೆ. ಡಾಕ್ಟರುಗಳೇ ಮಾತಾಡಿರುವ ವಿಡಿಯೋಗಳೂ ಇವೆ. ಯಾವುದನ್ನ ನಂಬಬೇಕು?

ಉತ್ತರ: ಮೊದಲ ಮಾತು, ಮುಂದಿನ ವಾರದ ಕಿಮೋ ತಪ್ಪಿಸಬೇಡಿ. ವಿಡಿಯೋ ವಿಚಾರ ಆಮೇಲೆ.

ಅವ್ವನ ಫೈಲ್ ತೆಗೆದು ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ಜೊತೆಗಿನ ರಿಪೋರ್ಟ್ ನೋಡಿ. ಅದರಲ್ಲಿ ಇಆರ್ (ER), ಪಿಆರ್ (PR), ಹರ್-2 (HER2) ಅಂತ ಮೂರು ಹೆಸರು ಇರುತ್ತವೆ. ಮೊದಲೆರಡು ಗಡ್ಡೆ ಹಾರ್ಮೋನಿಗೆ ಸ್ಪಂದಿಸುತ್ತಾ ಅಂತ ಹೇಳುತ್ತವೆ, ಹರ್-2 ಕೋಶ ಬೆಳೆಸುವ ಒಂದು ಪ್ರೋಟೀನ್. ಪಕ್ಕದಲ್ಲಿ ಪಾಸಿಟಿವ್ ಅಥವಾ ನೆಗೆಟಿವ್ ಅಂತ ಬರೆದಿರುತ್ತಾರೆ. ಚಿಕಿತ್ಸೆ ಬಹುಪಾಲು ಈ ಸಾಲುಗಳ ಮೇಲೆ ನಿಂತಿದೆ. ಇಆರ್ ಪಾಸಿಟಿವ್ ಇದ್ದರೆ ಟ್ಯಾಮಾಕ್ಸಿಫೆನ್ ತರಹದ ಹಾರ್ಮೋನ್ ಮಾತ್ರೆಯನ್ನು ಐದು ವರ್ಷ, ಕೆಲವರಿಗೆ ಹತ್ತು ವರ್ಷ ಕೊಡುತ್ತಾರೆ. ಹರ್-2 ಪಾಸಿಟಿವ್ ಇದ್ದರೆ ಟ್ರಾಸ್ಟುಜುಮಾಬ್ ಅನ್ನುವ ಬೇರೆಯೇ ಇಂಜೆಕ್ಷನ್ ಇದೆ. ಮೂರೂ ನೆಗೆಟಿವ್ ಇದ್ದರೆ ಆ ಮಾತ್ರೆಯೂ ಕೆಲಸಕ್ಕೆ ಬರಲ್ಲ, ಆ ಇಂಜೆಕ್ಷನ್ನೂ ಬರಲ್ಲ. ಅಲ್ಲಿ ಕಿಮೋನೇ ದೊಡ್ಡ ಆಸರೆ.

ಈಗ ಡಾಕ್ಟರ ವಿಡಿಯೋಗೆ ಬನ್ನಿ. ಯಾರೋ ಒಳ್ಳೆಯ ತಜ್ಞರು ‘ಎಷ್ಟೋ ಜನರಿಗೆ ಕಿಮೋ ಬೇಕಾಗಲ್ಲ, ಆಪರೇಷನ್ ಆದಮೇಲೆ ಮಾತ್ರೆ ಸಾಕು’ ಅಂದರು ಅಂತ ಇಟ್ಟುಕೊಳ್ಳಿ. ಅವರು ಸುಳ್ಳು ಹೇಳಿಲ್ಲ. ಗಡ್ಡೆ ಸಣ್ಣದಿದ್ದು ಇಆರ್ ಪಾಸಿಟಿವ್ ಆದ ಕೆಲವರಿಗೆ ಆ ಮಾತು ನಿಜ. ಆದರೆ ಮೂರೂ ನೆಗೆಟಿವ್ ಬಂದವರ ಮನೆಯಲ್ಲಿ ಅದೇ ವಿಡಿಯೋ ಜೀವಕ್ಕೆ ಕುತ್ತು ತರಬಹುದು. ಸುಳ್ಳು ವಿಡಿಯೋ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ. ನನಗೆ ಇಂಥ ನಿಜದ ವಿಡಿಯೋಗಳ ಭಯವೂ ಅಷ್ಟೇ ಇದೆ. ಮಾತಾಡುವವರು ನಿಮ್ಮ ಅವ್ವನ ಫೈಲ್ ನೋಡಿಲ್ಲ, ಅಲ್ವಾ?

ಇನ್ನು ಲಕ್ಷ್ಮಣ ಫಲ. ಅದರ ಸಾರ ಲ್ಯಾಬ್‌ನ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದದ್ದು ಹೌದು. ಬ್ಲೀಚಿಂಗ್ ಪೌಡರ್ ಹಾಕಿದರೂ ಆ ತಟ್ಟೆಯಲ್ಲಿ ಕೋಶ ಸಾಯುತ್ತವೆ! ಮನುಷ್ಯರ ಮೈಯಲ್ಲಿ ಅದು ಕ್ಯಾನ್ಸರ್ ವಾಸಿ ಮಾಡಿದ ಪುರಾವೆ ಇಲ್ಲ. ಮೇಲಾಗಿ ಆ ಗಿಡದಲ್ಲಿ ಅನೋನಾಸಿನ್ ಅನ್ನುವ ಅಂಶವಿದೆ, ಅದು ನರಗಳಿಗೆ ವಿಷ. ಕೆರಿಬಿಯನ್‌ನ ಗ್ವಾಡಲೂಪ್ ದ್ವೀಪದಲ್ಲಿ ಈ ಹಣ್ಣು, ಎಲೆಯ ಕಷಾಯ ಜಾಸ್ತಿ ಸೇವಿಸುವವರಲ್ಲಿ ಪಾರ್ಕಿನ್‌ಸನ್ ತರಹದ ನಡುಕದ ಕಾಯಿಲೆಗೂ ಇದಕ್ಕೂ ನಂಟಿದೆ ಅಂತ ಸಂಶೋಧಕರು ಗುರುತಿಸಿದ್ದಾರೆ.

ಹಾಗಂತ ಡಾಕ್ಟರುಗಳಿಗೆ ಗಿಡಮೂಲಿಕೆ ಕಂಡರೆ ಆಗಲ್ಲ ಅಂತಲ್ಲ. ಸ್ತನ ಕ್ಯಾನ್ಸರ್‌ಗೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಸಿಕ್ಕಿದ್ದೇ ಒಂದು ಮರದ ತೊಗಟೆಯಲ್ಲಿ. ರಕ್ತದ ಕ್ಯಾನ್ಸರ್‌ಗೆ ಕೊಡುವ ವಿಂಕ್ರಿಸ್ಟಿನ್ ನಮ್ಮ ಹಿತ್ತಲಲ್ಲೂ ಬೆಳೆಯುವ ಕಾಶಿ ಕಣಗಿಲೆಯಿಂದ ಬಂತು. ಆ ಅಂಶವನ್ನು ಬೇರೆ ಮಾಡಿ, ರೋಗಿಗಳಲ್ಲಿ ಪರೀಕ್ಷೆ ಮಾಡಿ, ಎತ್ತರ ತೂಕ ನೋಡಿ ಅಳೆದು ಕೊಡುತ್ತಾರೆ. ಕಷಾಯದ ಲೋಟದಲ್ಲಿ ಎಷ್ಟು ಇಳಿದಿದೆ ಅಂತ ಯಾರು ಅಳೆದರು?

ಸಕ್ಕರೆ ಮಾತಿನಲ್ಲಿ ಅರ್ಧ ನಿಜ ಇದೆ. ಕ್ಯಾನ್ಸರ್ ಕೋಶ ಗ್ಲೂಕೋಸನ್ನು ಜಾಸ್ತಿ ಎಳೆದುಕೊಳ್ಳುತ್ತೆ, ಮೈಯಲ್ಲಿ ಕ್ಯಾನ್ಸರ್ ಎಲ್ಲಿದೆ ಅಂತ ಹುಡುಕುವ ಪೆಟ್ ಸ್ಕ್ಯಾನ್ ನಡೆಯುವುದೇ ಅದರ ಮೇಲೆ. ಆದರೆ ನೀವು ಸಕ್ಕರೆ ಬಿಟ್ಟರೂ ದೇಹ ಬೇರೆ ಆಹಾರದಿಂದ, ಕೊನೆಗೆ ಮೈಯ ಮಾಂಸಖಂಡದಿಂದಲೂ ಗ್ಲೂಕೋಸ್ ಮಾಡಿಕೊಳ್ಳುತ್ತೆ. ಶುಗರ್ ಕಾಯಿಲೆ ಇದ್ದರೆ ಪಥ್ಯ ಬೇರೆ ಮಾತು. ಇಲ್ಲದಿದ್ದರೆ ಅವ್ವ ರೊಟ್ಟಿ, ಅನ್ನ ಬಿಟ್ಟು ಸೊರಗುವುದೇ ಬರುತ್ತೆ. ತೂಕ ಇಳಿದು ನಿಶ್ಶಕ್ತಿ ಆದರೆ ಕಿಮೋ ಮುಂದಕ್ಕೆ ಹಾಕಬೇಕಾಗಬಹುದು.

‘ಆದರೆ ವಾಸಿಯಾದವರೇ ಕೂತು ಹೇಳ್ತಾರಲ್ಲ?’ ಅಂತ ಕಾಕಾ ಕೇಳಬಹುದು. 2024ರ ನವೆಂಬರ್‌ನಲ್ಲಿ ಮಾಜಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು ತಮ್ಮ ಪತ್ನಿ ನಾಲ್ಕನೇ ಹಂತದ ಕ್ಯಾನ್ಸರ್ ಗೆದ್ದದ್ದರಲ್ಲಿ ಬೇವು, ಅರಿಶಿನ, ನಿಂಬೆಹಣ್ಣಿನ ಪಥ್ಯದ ಪಾಲು ದೊಡ್ಡದು ಅಂದರು. ವಿಡಿಯೋ ಊರೂರು ಸುತ್ತಿತು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಈಗಿನ, ಹಿಂದಿನ 262 ಕ್ಯಾನ್ಸರ್ ತಜ್ಞರು ಸಹಿ ಹಾಕಿ, ಇದಕ್ಕೆ ಪುರಾವೆ ಇಲ್ಲ, ಚಿಕಿತ್ಸೆ ತಡ ಮಾಡಬೇಡಿ ಅಂತ ಹೇಳಿಕೆ ಕೊಟ್ಟರು. ಸಿಧು ಪತ್ನಿಗೆ ಆಪರೇಷನ್, ಕಿಮೋ ಎರಡೂ ಆಗಿದ್ದವು. ಕೊನೆಗೆ ಸಿಧು ಅವರೇ ಪಥ್ಯವನ್ನೂ ವೈದ್ಯರನ್ನು ಕೇಳಿಯೇ ಮಾಡಿದ್ದು ಅಂದರು. ಆದರೆ ಜನರಿಗೆ ನೆನಪು ಉಳಿದದ್ದು ಬೇವು ಅರಿಶಿನ ಮಾತ್ರ. ಕಷಾಯ ನಂಬಿ ಕೂತು ತೀರಿಹೋದವರು ಕ್ಯಾಮೆರಾ ಮುಂದೆ ಬಂದು ಹೇಳಲ್ಲ.

ಆಸ್ಪತ್ರೆ ಚಿಕಿತ್ಸೆ ಬಿಟ್ಟು ಕೂತರೆ ಏನಾಗುತ್ತೆ ಅನ್ನುವುದಕ್ಕೆ ಲೆಕ್ಕವೂ ಇದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ದೂರಕ್ಕೆ ಹರಡದ ಕ್ಯಾನ್ಸರ್ ಇದ್ದೂ ಬರೀ ಪರ್ಯಾಯ ಚಿಕಿತ್ಸೆ ಆರಿಸಿದವರಲ್ಲಿ ಸಾವಿನ ಅಪಾಯ, ಆಸ್ಪತ್ರೆ ಚಿಕಿತ್ಸೆ ಪಡೆದವರಿಗೆ ಹೋಲಿಸಿದರೆ, ಎರಡೂವರೆ ಪಟ್ಟು ಇತ್ತು. ಸ್ತನ ಕ್ಯಾನ್ಸರ್‌ನಲ್ಲಿ ಐದು ಪಟ್ಟಿಗಿಂತ ಜಾಸ್ತಿ.

ಲಕ್ಷಗಟ್ಟಲೆ ವ್ಯೂಸ್ ನೋಡಿಯೂ ಮರುಳಾಗಬೇಡಿ. ಪ್ರಾಸ್ಟೇಟ್ ಕ್ಯಾನ್ಸರ್ ಬಗ್ಗೆ ಯೂಟ್ಯೂಬ್‌ನಲ್ಲಿ ಜನ ಜಾಸ್ತಿ ನೋಡಿದ 150 ವಿಡಿಯೋಗಳನ್ನು ನ್ಯೂಯಾರ್ಕ್‌ನ ಸಂಶೋಧಕರು ಪರಿಶೀಲಿಸಿದಾಗ 77% ವಿಡಿಯೋಗಳಲ್ಲಿ, ಇಲ್ಲವೇ ಅವುಗಳ ಕೆಳಗಿನ ಕಾಮೆಂಟ್‌ಗಳಲ್ಲಿ, ದಾರಿ ತಪ್ಪಿಸುವ ಅಥವಾ ಒಂದೇ ಕಡೆ ವಾಲಿದ ಮಾತು ಸಿಕ್ಕಿತು. ಗುಣಮಟ್ಟ ಕಡಿಮೆ ಇದ್ದವನ್ನೇ ಜನ ಹೆಚ್ಚು ನೋಡಿದ್ದರು. ಯೂಟ್ಯೂಬ್ 2023ರ ಆಗಸ್ಟ್‌ನಲ್ಲಿ, ಬೆಳ್ಳುಳ್ಳಿಯಿಂದ ಕ್ಯಾನ್ಸರ್ ವಾಸಿ ಅನ್ನುವಂಥ ವಿಡಿಯೋ ತೆಗೆಯುತ್ತೇವೆ ಅಂತ ಹೇಳಿತು. ಕಾಕಾನ ಫೋನ್ ನೋಡಿದರೆ ಗೊತ್ತಾಗುತ್ತೆ, ಎಷ್ಟು ತೆಗೆದಿದ್ದಾರೆ ಅಂತ. ಪರದೆ ಮೇಲೆ ಫೋನ್ ನಂಬರ್ ಹಾಕಿ ‘ಗ್ಯಾರಂಟಿ ವಾಸಿ’ ಅಂತ ಔಷಧಿ ಮಾರುವವರಿದ್ದರೆ ಅಲ್ಲೇ ನಿಲ್ಲಿಸಿ. ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಔಷಧಿ ಜಾಹೀರಾತು ಕೊಡುವುದು 1954ರ ಕಾಯ್ದೆ ಪ್ರಕಾರ ಅಪರಾಧ.

ಹಾಗಾದರೆ ವಿಡಿಯೋನೇ ನೋಡಬಾರದಾ? ನೋಡಿ. ಆಪರೇಷನ್ ಆದಮೇಲೆ ತೋಳಿನ ವ್ಯಾಯಾಮ ಹೇಗೆ, ಕಿಮೋ ದಿನ ಏನೇನಾಗುತ್ತೆ ಅನ್ನುವುದನ್ನು ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳ ಚಾನೆಲ್‌ಗಳು ಚೆನ್ನಾಗಿ ತೋರಿಸುತ್ತವೆ. ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತೆ. ಔಷಧಿ ಬಿಡುವ, ಬದಲಿಸುವ ಮಾತು ಬಂದರೆ ಮಾತ್ರ ಅದನ್ನ ಚೀಟಿಯಲ್ಲಿ ಬರೆದುಕೊಂಡು ಒಪಿಡಿಗೆ ಒಯ್ಯಿರಿ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯೇ ಇರಲಿ, ಜನ ಕಿಮ್ಸ್ ಅಂತ ಕರೆಯುವ ಸರ್ಕಾರಿ ಆಸ್ಪತ್ರೆ ಇರಲಿ, ಡಾಕ್ಟರ ಮುಂದೆ ನಿಮಗೆ ಸಿಗುವುದು ಸ್ವಲ್ಪ ಹೊತ್ತು. ಪ್ರಶ್ನೆ ಮೊದಲೇ ಬರೆದಿದ್ದರೆ ಆ ಹೊತ್ತು ದಂಡ ಆಗಲ್ಲ.

ಅವ್ವ ಈಗಾಗಲೇ ಕಷಾಯ ಶುರು ಮಾಡಿದ್ದರೆ ಮುಚ್ಚಿಡದೆ ಹೇಳಿಬಿಡಿ. ಬೈಸಿಕೊಂಡರೂ ಪರವಾಗಿಲ್ಲ. ಕೆಲವು ಮೂಲಿಕೆಗಳು ಲಿವರ್‌ಗೆ ತೊಂದರೆ ಕೊಡುತ್ತವೆ, ಕಿಮೋ ಔಷಧಿ ಜೊತೆ ಹೊಂದಲ್ಲ. ಕಿಮೋ ನಡೆಯುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ವಿಡಿಯೋ ಹುಡುಕುತ್ತಾ ಕೂರದೆ ಆಗಲೇ ಆಸ್ಪತ್ರೆಗೆ ಹೊರಡಿ, ರಾತ್ರಿ ಆಗಿದ್ದರೂ ಸರಿ.

ಕಾಕಾನ ಜೊತೆ ಜಗಳ ಬೇಡ. ಅವರಿಗೂ ಅವ್ವನ ಮೇಲಿನ ಕಾಳಜಿಯೇ, ಏನೂ ಮಾಡದೆ ಇರಲಾಗದೆ ವಿಡಿಯೋ ಕಳಿಸುತ್ತಾರೆ. ಕೈಗೆ ಕೆಲಸ ಕೊಡಿ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆಗೆ ರೇಷನ್ ಕಾರ್ಡ್, ಆಧಾರ್ ಬೇಕು. ಅದರ ಓಡಾಟ ಅವರು ನೋಡಿಕೊಳ್ಳಲಿ. ಕಿಮೋ ದಿನ ಅವ್ವನ ಜೊತೆ ಹುಬ್ಬಳ್ಳಿಗೂ ಬರಲಿ, ಲಕ್ಷ್ಮಣ ಫಲದ ಪ್ರಶ್ನೆಯನ್ನು ಡಾಕ್ಟರಿಗೆ ಅವರೇ ಕೇಳಲಿ.