ಮಂಗಳನ ಚಿತ್ರದಲ್ಲಿ ಕಂಡದ್ದು ಗುಡ್ಡವೋ, ಗುಂಡಿಯೋ?

ವಿರಾಜಪೇಟೆಯ ಓದುಗರೊಬ್ಬರ ಪ್ರಶ್ನೆ: ಮಂಗಳ ಗ್ರಹದ ಚಿತ್ರವೊಂದರಲ್ಲಿ ವಿಚಿತ್ರವಾದ ಗುಂಡನೆಯ ದಿಬ್ಬ ಕಂಡಿತು. ಮೊಬೈಲ್ ತಲೆಕೆಳಗು ಹಿಡಿದರೆ ಅದೇ ಗುಂಡಿಯಾಗುತ್ತದೆ. ಯಾವುದನ್ನು ನಂಬುವುದು?

ಮೊದಲು ಬೆಳಕು ಎತ್ತಲಿಂದ ಬಿದ್ದಿದೆ ಎಂದು ಪತ್ತೆ ಮಾಡಿ, ಆಕಾರದ ಮಾತು ಆಮೇಲೆ. ಬೆಳಕು ಮೇಲಿನಿಂದಲೇ ಬರುತ್ತದೆ ಎಂದು ನಮ್ಮ ಕಣ್ಣು ನಂಬಿಕೊಂಡಿದೆ. ಚಿತ್ರದಲ್ಲಿ ಅದು ಕೆಳಗಿನಿಂದ ಬಂದಿದ್ದರೆ ಉಬ್ಬು ತಗ್ಗಾಗಿ, ತಗ್ಗು ಉಬ್ಬಾಗಿ ಕಾಣುತ್ತದೆ. ಇದನ್ನು ನೋಡಲು ಮಂಗಳನವರೆಗೆ ಹೋಗಬೇಕಿಲ್ಲ. ಕೊಡಗಿನ ತಡಿಯಂಡಮೋಳ್ ಬೆಟ್ಟದ ಸುತ್ತಮುತ್ತ ಜನವರಿಯಲ್ಲಿ ಬೆಳಿಗ್ಗೆ ಹತ್ತೂವರೆ ಸುಮಾರಿಗೆ ತೆಗೆದ ಉಪಗ್ರಹ ಚಿತ್ರ ಸಾಕು (ಮಳೆಗಾಲದ್ದರಲ್ಲಿ ಮೋಡ ಬಿಟ್ಟು ಬೇರೇನೂ ಸಿಗುವುದು ಕಷ್ಟ). ಚಿತ್ರದ ಮೇಲ್ತುದಿ ಉತ್ತರ, ಸೂರ್ಯ ಆಗ್ನೇಯದಲ್ಲಿ. ಹೊಳೆಗಳು ಬೆಟ್ಟದ ನೆತ್ತಿಯ ಮೇಲೆ ಹರಿದಂತೆ ಕಾಣಬಹುದು. ತಲೆಕೆಳಗು ಮಾಡಿ, ಕಣಿವೆಗೆ ಇಳಿಯುತ್ತವೆ.

ಮಂಗಳನನ್ನು ಸುತ್ತುವ ನಾಸಾ ನೌಕೆ ಮಾರ್ಸ್ ರಿಕನೈಸೆನ್ಸ್ ಆರ್ಬಿಟರ್‌ನ ಹೈರೈಸ್ ಕ್ಯಾಮೆರಾ ಚಿತ್ರ ತೆಗೆಯುವುದು ಹೆಚ್ಚಾಗಿ ಅಲ್ಲಿನ ಮಧ್ಯಾಹ್ನ ಮೂರರ ಆಸುಪಾಸಿನಲ್ಲಿ. ಆಗ ಸೂರ್ಯ ಪಶ್ಚಿಮಕ್ಕೆ ವಾಲಿರುತ್ತಾನೆ, ಹಾಗಾಗಿ ಉತ್ತರ ಮೇಲಿರುವ ಚಿತ್ರದಲ್ಲಿ ಬೆಳಕು ಸಾಮಾನ್ಯವಾಗಿ ಎಡಗಡೆಯಿಂದ. ಗಡಿಯಾರದ ದಿಕ್ಕಿನಲ್ಲಿ 90 ಡಿಗ್ರಿ ತಿರುಗಿಸಿದರೆ ಅದು ಮೇಲಿನಿಂದ ಬಂದಂತಾಗುತ್ತದೆ. ಧ್ರುವಗಳ ಬಳಿ ಈ ಲೆಕ್ಕ ನಡೆಯದು. ವಾಟ್ಸಾಪ್‌ನಲ್ಲಿ ಬಂದ ತುಂಡಿಗಂತೂ ನಡೆಯುವುದೇ ಇಲ್ಲ, ಯಾರು ಎತ್ತ ತಿರುಗಿಸಿದ್ದಾರೋ! ಪಕ್ಕದಲ್ಲಿ ಉಲ್ಕೆ ಬಡಿದ ಸಣ್ಣ ಕುಳಿಗಳಿದ್ದರೆ ತಾಳೆ ನೋಡಿ: ಬೆಳಕು ಎಡದಿಂದ ಬಂದಾಗ ಕುಳಿಯ ಎಡಗೋಡೆ ಕಪ್ಪು, ಬಲಗೋಡೆ ಬಿಳುಪು.

ಎತ್ತರ ಬೇಕಿದ್ದರೆ ನೆರಳು ಅಳೆಯಿರಿ. ನೆರಳು 20 ಪಿಕ್ಸೆಲ್, ಒಂದು ಪಿಕ್ಸೆಲ್ 25 ಸೆಂ.ಮೀ. ಎಂದಾದರೆ ಉದ್ದ 5 ಮೀಟರ್. ಚಿತ್ರದ ವಿವರದಲ್ಲಿ ಇನ್ಸಿಡೆನ್ಸ್ ಕೋನ (ಬಿಸಿಲು ಬೀಳುವ ಕೋನ) 60 ಡಿಗ್ರಿ ಎಂದಿದ್ದರೆ ಅದು ನೆತ್ತಿಯಿಂದ ಅಳೆದದ್ದು; ದಿಗಂತದಿಂದ ಸೂರ್ಯನ ಎತ್ತರ 30 ಡಿಗ್ರಿ. ನೆರಳಿನ ಉದ್ದವನ್ನು ಈ ಕೋನದ ಟ್ಯಾನ್‌ನಿಂದ ಗುಣಿಸಿದರೆ ಎತ್ತರ: ಟ್ಯಾನ್ 30 ಎಂದರೆ 0.577, ಎತ್ತರ ಸುಮಾರು 2.9 ಮೀಟರ್. 60 ಅನ್ನೇ ಹಾಕಿದರೆ 8.7 ಮೀಟರ್ ಬರುತ್ತದೆ, ಮೂರು ಪಟ್ಟು! ನೆಲ ಸೂರ್ಯನಿಗೆ ಬೆನ್ನು ಮಾಡಿ ಇಳಿದಿದ್ದರೆ ನೆರಳು ಉದ್ದವಾಗಿ, ಎತ್ತರವೂ ಹೆಚ್ಚಾಗಿ ಬರುತ್ತದೆ. ಇನ್ನು ದಿಬ್ಬದ ಇಳಿಜಾರು 30 ಡಿಗ್ರಿಗಿಂತ ಕಡಿಮೆಯಿದ್ದರೆ ನೆರಳೇ ಬೀಳದು. ಕಂಡ ಕಪ್ಪು ಬರೀ ಮಂಕು ಬದಿ, ಅದನ್ನು ಅಳೆದು ಪ್ರಯೋಜನವಿಲ್ಲ.

1976ರ ಜುಲೈ 25ರಂದು ವೈಕಿಂಗ್ 1 ನೌಕೆ ತೆಗೆದ ಚಿತ್ರದಲ್ಲಿ, ಮಂಗಳನ ಸೈಡೋನಿಯಾ ಪ್ರದೇಶದಲ್ಲಿ ಕಂಡ 'ಮುಖ'ಕ್ಕೆ ಕಣ್ಣು, ಬಾಯಿ ಕೊಟ್ಟದ್ದು ಓರೆ ಬಿಸಿಲಿನ ನೆರಳು. ಮೂಗಿನ ಹೊಳ್ಳೆಯಂತೆ ಕಂಡದ್ದು ರವಾನೆಯಲ್ಲಿ ಮಾಹಿತಿ ಕಳೆದುಹೋದ ಒಂದು ಚುಕ್ಕೆ. 2001ರಲ್ಲಿ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ ಪಿಕ್ಸೆಲ್‌ಗೆ ಎರಡು ಮೀಟರ್‌ಗಿಂತ ಸೂಕ್ಷ್ಮವಾಗಿ ತೆಗೆದಾಗ ಉಳಿದದ್ದು ಸವೆದ ಒಂದು ಗುಡ್ಡ.

ಚಿತ್ರ ಹಿಗ್ಗಿಸಿದಾಗ ನೇರ ಗೋಡೆ, ಚೌಕ ಮೂಲೆ ಕಂಡರೆ ಜೇಪೆಗ್ (ಚಿತ್ರವನ್ನು ಕುಗ್ಗಿಸಿ ಉಳಿಸುವ ಕಡತದ ಬಗೆ) ಮೇಲೆ ಅನುಮಾನವಿರಲಿ. ಅದು ಚಿತ್ರವನ್ನು 8×8 ಪಿಕ್ಸೆಲ್ ಚೌಕಗಳಾಗಿ ಒಡೆದು ಕುಗ್ಗಿಸುತ್ತದೆ. ಹಿಗ್ಗಿಸಿದಾಗ ಚೌಕದ ಅಂಚುಗಳೇ ಗೋಡೆಯಾಗುತ್ತವೆ. ಮೂಲ ಕಡತ ಇಳಿಸಿಕೊಂಡು ಅದೇ ಜಾಗ ನೋಡಿ.